ಉ: ಕರ್ನಲ್ ಕಂಪೈಲ್ ಮಾಡಿದ್ಮೇಲೆ ಸೌಂಡೇ ಇಲ್ಲ

ಹಳೇ ಲಿನಕ್ಸ್ ಕರ್ನಲ್‌ನಲ್ಲಿ (ಸಿಸ್ಟಮ್‌ನ ಮೂಲ ಪ್ರೋಗ್ರಾಂ) ಸೌಂಡ್ ಬರುತ್ತೆ, ಲೋಕಲ್‌ಮಾಡ್‌ಕಾನ್ಫಿಗ್ ಹಾಕಿ ನೀವೇ ಕಂಪೈಲ್ ಮಾಡಿದ್ರಲ್ಲಿ ಬರೀ ಡಮ್ಮಿ ಔಟ್‌ಪುಟ್ (ಅಂದ್ರೆ ಸೌಂಡ್ ಕಾರ್ಡೇ ಸಿಕ್ಕಿಲ್ಲ) ತೋರಿಸ್ತಿದೆ ಅಂದ್ರಲ್ಲ, ಹಾಗಾದ್ರೆ ಹಾರ್ಡ್‌ವೇರ್ ಚೆನ್ನಾಗೇ ಇದೆ ಸರ್, ನಾನೂ ತುಮಕೂರಿನವನೇ, ಬಿಎಚ್ ರೋಡ್ ಅಂಗಡಿಗೆ ತಗೊಂಡೋಗಿ ದುಡ್ಡು ಸುರೀಬೇಡಿ ದಯವಿಟ್ಟು.

ಲೋಕಲ್‌ಮಾಡ್‌ಕಾನ್ಫಿಗ್ ಆ ಕ್ಷಣಕ್ಕೆ ಲೋಡ್ ಆಗಿರೋ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರೋ ಡ್ರೈವರ್ ಥರದ ತುಣುಕು) ಮಾತ್ರ ಉಳಿಸ್ಕೊಳುತ್ತೆ, ಉಳಿದದ್ದೆಲ್ಲ ತೆಗೆದುಹಾಕುತ್ತೆ, ಯುಎಸ್‌ಬಿ ಹೆಡ್‌ಸೆಟ್ ಆಗ ಚುಚ್ಚಿರ್ಲಿಲ್ಲ ಅಂದ್ರೆ ಅದರ ಡ್ರೈವರೂ ಹೋಯ್ತು. ಹೊಸ ಕರ್ನಲ್‌ನಲ್ಲಿ ಎಲ್‌ಎಸ್‌ಪಿಸಿಐ ಹೈಫನ್ ಕೆ ಅನ್ನೋ ಕಮಾಂಡ್ ಕೊಟ್ಟು ಆಡಿಯೋ ಡಿವೈಸ್ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನೋ ಸಾಲು ಇದೆಯಾ ನೋಡಿ. ಇಲ್ದಿದ್ರೆ ಹಳೇ ಕರ್ನಲ್‌ಗೆ ಹೋಗಿ ಲೋಡ್ ಆಗಿರೋ ಮಾಡ್ಯೂಲ್ ಪಟ್ಟಿ ಕೊಡೋ ಎಲ್‌ಎಸ್‌ಮಾಡ್ ಕಮಾಂಡ್‌ನಲ್ಲಿ ಎಸ್‌ಎನ್‌ಡಿ ಅಂತ ಶುರುವಾಗೋ ಹೆಸರೆಲ್ಲ ಬರ್ಕೊಳ್ಳಿ, ಕರ್ನಲ್ ಆಯ್ಕೆಗಳ ಮೆನು ಆದ ಮೆನುಕಾನ್ಫಿಗ್‌ನಲ್ಲಿ ಒಂದೊಂದಾಗಿ ಹುಡುಕಿ ಆನ್ ಮಾಡಿ. ಎಚ್‌ಡಿಎ ಇಂಟೆಲ್ ಅನ್ನೋ ಸೌಂಡ್ ಡ್ರೈವರ್ ಒಂದೇ ಸಾಲಲ್ಲ, ಕೋಡೆಕ್ (ಸೌಂಡ್ ಚಿಪ್) ಡ್ರೈವರೂ ಬೇಕು, ಎಷ್ಟೋ ಲ್ಯಾಪ್‌ಟಾಪಲ್ಲಿ ಅದು ರಿಯಲ್‌ಟೆಕ್, ಬಹಳ ಜನ ಇದನ್ನೇ ಬಿಡ್ತಾರೆ.

ಹೊಸ ಇಂಟೆಲ್ ಲ್ಯಾಪ್‌ಟಾಪ್ ಆದ್ರೆ ಎಸ್‌ಒಎಫ್ (ಸೌಂಡ್ ಓಪನ್ ಫರ್ಮ್‌ವೇರ್) ಡ್ರೈವರ್ ಇರಬಹುದು, ಅದಕ್ಕೆ ಫರ್ಮ್‌ವೇರ್ ಫೈಲ್ (ಸೌಂಡ್ ಹಾರ್ಡ್‌ವೇರ್‌ಗೆ ಲೋಡ್ ಆಗೋ ಪ್ರೋಗ್ರಾಂ) ಬೇಕು, ಹಾಗಾಗಿ ಮೆನುಕಾನ್ಫಿಗ್‌ನಲ್ಲಿ ವೈ (ಕರ್ನಲ್ ಒಳಗೇ) ಒತ್ತಬೇಡಿ, ಎಂ (ಮಾಡ್ಯೂಲ್) ಒತ್ತಿ. ಕರ್ನಲ್ ಒಳಗೇ ಸೇರಿಸಿದ್ರೆ ಡಿಸ್ಕ್ ಮೌಂಟ್ ಆಗೋಕೆ ಮುಂಚೆನೇ ಫೈಲ್ ಹುಡುಕಿ ಸಿಗದೆ ಸುಮ್ಮನಾಗುತ್ತೆ.

ಆಮೇಲೆ ಮತ್ತೆ ಕಂಪೈಲ್ ಮಾಡಿ, ಮಾಡ್ಯೂಲ್‌ಗಳನ್ನ ಜಾಗಕ್ಕೆ ಹಾಕೋ ಮೇಕ್ ಮಾಡ್ಯೂಲ್ಸ್ ಇನ್‌ಸ್ಟಾಲ್ ಕಮಾಂಡ್ ಮರೀಬೇಡಿ. ಆದ್ರೂ ಬರ್ಲಿಲ್ಲ ಅಂದ್ರೆ ಕರ್ನಲ್ ಸಂದೇಶ ತೋರಿಸೋ ಡಿಎಂಇಎಸ್‌ಜಿ ಕಮಾಂಡ್‌ನಲ್ಲಿ ಎಸ್‌ಎನ್‌ಡಿ, ಎಸ್‌ಒಎಫ್ ಇರೋ ಸಾಲುಗಳನ್ನ ಇಲ್ಲೇ ಹಾಕಿ, ನೋಡೋಣ.