ಓದಿದ ಪುಸ್ತಕಗಳನ್ನೂ ದಿನದ ಲಹರಿಯನ್ನೂ ಒಟ್ಟಿಗೆ ಬರೆಯಬಹುದೇ?

ನಿಮಗೆ ಹದಿನೆಂಟು ವರ್ಷ, ಹದಿಹರೆಯದವರ ಕಾದಂಬರಿಗಳೆಂದರೆ ಇಷ್ಟ. ಅವುಗಳ ಬಗ್ಗೆಯೂ ದಿನನಿತ್ಯ ಮನಸ್ಸಿಗೆ ಬರುವ ವಿಚಾರಗಳ ಬಗ್ಗೆಯೂ ಕನ್ನಡದಲ್ಲಿ ನಿಯಮಿತವಾಗಿ ಬರೆಯಬೇಕೆಂದಿದ್ದೀರಿ. ಆದರೆ ಎರಡನ್ನೂ ಬೆರೆಸಿದರೆ ಗೊಂದಲವಾಗುತ್ತದೆಯೇ, ಈ ವಯಸ್ಸಿಗೆ ಪುಸ್ತಕಗಳ ಕುರಿತು ಬರೆಯುವ ಅರ್ಹತೆ ಇರುತ್ತದೆಯೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ವಿಜಯನಗರದವಳು. ಓದಿದ್ದರ ಬಗ್ಗೆ ಹನ್ನೆರಡು ವರ್ಷಗಳಿಂದ ಬರೆಯುತ್ತಾ ಬಂದಿದ್ದೇನೆ. ದಯವಿಟ್ಟು ಎರಡನ್ನೂ ಬೇರೆ ಮಾಡಬೇಡಿ ಎಂಬುದೇ ನನ್ನ ಉತ್ತರ. ಮೊದಲ ದಿನವೇ ‘ವಿಮರ್ಶೆ’ ಒಂದು ಕಡೆ, ‘ಲಹರಿ’ ಇನ್ನೊಂದು ಕಡೆ ಎಂದು ಗೋಡೆ ಕಟ್ಟಿಕೊಂಡರೆ, ವಿಮರ್ಶೆಯು ಬರೀ ಕಥಾಸಾರಾಂಶವಾಗುತ್ತದೆ, ಲಹರಿಯು ಹಿಡಿಯಲು ಏನೂ ಸಿಗದೆ ತೇಲಿಹೋಗುತ್ತದೆ.

ಇದು ನನಗೆ ಸ್ಪಷ್ಟವಾದದ್ದು ನನ್ನ ಅಕ್ಕನ ಮಗಳಿಂದ. ಅವಳು ಪ್ರಥಮ ಪಿಯುಸಿಯಲ್ಲಿದ್ದಾಗ ಒಂದು ಇಂಗ್ಲಿಷ್ ಕಾದಂಬರಿಯನ್ನು ಮೆಟ್ರೋದಲ್ಲಿ ಓದುತ್ತಾ, ಇಳಿಯಬೇಕಾದ ಮೆಜೆಸ್ಟಿಕ್ ದಾಟಿ ಕಬ್ಬನ್ ಪಾರ್ಕ್ ನಿಲ್ದಾಣದವರೆಗೆ ಹೋಗಿಬಿಟ್ಟಿದ್ದಳು. ಅಷ್ಟು ಹಿಡಿದಿಟ್ಟ ಪುಸ್ತಕದ ಬಗ್ಗೆ ಅವಳು ಬರೆದು ತಂದದ್ದು ಮಾತ್ರ ‘ಕಥೆ ತುಂಬಾ ಚೆನ್ನಾಗಿದೆ, ಪಾತ್ರಗಳು ನೈಜವಾಗಿವೆ, ಎಲ್ಲರೂ ಓದಬೇಕು’ ಎಂಬ ಮೂರು ಸಾಲು. ಅದನ್ನು ಪಕ್ಕಕ್ಕಿಟ್ಟು, ಯಾವ ಪುಟದಲ್ಲಿದ್ದಾಗ ನಿಲ್ದಾಣ ತಪ್ಪಿತು ಎಂದಷ್ಟೇ ಕೇಳಿದೆ. ಹೊಸ ಶಾಲೆಗೆ ಸೇರಿದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಊಟ ಮಾಡುವ ಪುಟ ಅದು. ಸ್ವಲ್ಪ ಹೊತ್ತು ಸುಮ್ಮನಿದ್ದವಳು, ಕಾಲೇಜಿನ ಮೊದಲ ವಾರ ತಾನೂ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಖಾಲಿ ಮಾಡಿದ್ದನ್ನು, ಸಂಜೆ ಅಮ್ಮ ‘ಯಾರ ಜೊತೆ ಕೂತು ತಿಂದೆ?’ ಎಂದಾಗ ಇಲ್ಲದ ಗೆಳತಿಯೊಬ್ಬಳ ಹೆಸರು ಕಟ್ಟಿ ಹೇಳಿದ್ದನ್ನು ಹೇಳಿದಳು. ಬರೆಯಬೇಕಾದದ್ದು ಅದೇ ಎಂದೆ. ಆ ರಾತ್ರಿ ಒಂದೂವರೆ ಪುಟ ಬರೆದಳು. ಓದಿದ ನನಗೆ ಆ ಕಾದಂಬರಿಯೂ ಅರ್ಥವಾಯಿತು, ನಮ್ಮ ಹುಡುಗಿಯೂ ಅರ್ಥವಾದಳು.

ಆ ಬರಹದ ಮೊದಲ ರೂಪದಲ್ಲಿ ‘ಆಕ್ವರ್ಡ್’ ಎಂಬ ಪದ ನಾಲ್ಕು ಸಲ ಬಂದಿತ್ತು. ಇಂಗ್ಲಿಷ್ ಪದ ಬಳಸಬಾರದು ಎಂಬ ಹಟ ನನಗಿಲ್ಲ. ಆದರೆ ಕನ್ನಡದಲ್ಲಿ ಅದರ ಜಾಗಕ್ಕೆ ಕನಿಷ್ಠ ಮೂರು ಪದಗಳಿವೆ, ಮೂರೂ ಒಂದೇ ಅಲ್ಲ. ಹೋಗಿ ಮಾತನಾಡಿಸುವ ಮೊದಲೇ ಒಳಗೆ ಹಿಂದೆಳೆಯುವುದು ಸಂಕೋಚ. ನಾಲ್ಕು ಜನ ನೋಡಿದಾಗ ಆಗುವುದು ಮುಜುಗರ. ಯಾರೂ ಏನೂ ಅನ್ನದಿದ್ದರೂ ಕೂತಲ್ಲಿ ಕೂರಲಾಗದಂತೆ ಮಾಡುವುದು ಇರಿಸುಮುರಿಸು. ಮೂರನ್ನೂ ಹೇಳಿ, ಮೆಟ್ಟಿಲ ಮೇಲೆ ನಿನಗಾದದ್ದು ಯಾವುದು ಎಂದು ಕೇಳಿದಾಗ, ಮೊದಲ ದಿನ ಸಂಕೋಚ, ಮೂರನೆಯ ದಿನ ಮೇಷ್ಟ್ರೊಬ್ಬರು ಹಾದುಹೋಗುತ್ತಾ ನೋಡಿದಾಗ ಮುಜುಗರ ಎಂದು ತಾನೇ ಬಿಡಿಸಿ ಹೇಳಿದಳು. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವವರಿಗೆ ಸಿಗುವ ದೊಡ್ಡ ಲಾಭ ಇದು: ಪದ ಹುಡುಕುವಾಗ ಅನುಭವವೇ ಸ್ಪಷ್ಟವಾಗುತ್ತದೆ.

ಅರ್ಹತೆಯ ಮಾತಿಗೆ ಬಂದರೆ, ಅಮೆರಿಕದಲ್ಲಿ ಈ ಬಗೆಯ ಸಾಹಿತ್ಯಕ್ಕೆ ತಿರುವು ಕೊಟ್ಟಿತೆಂದು ಹೇಳಲಾಗುವ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಪ್ರಕಟವಾದಾಗ ಅದನ್ನು ಬರೆದ ಎಸ್. ಇ. ಹಿಂಟನ್ ಅವರಿಗೆ ನಿಮ್ಮಷ್ಟೇ ವಯಸ್ಸು, ಹದಿನೆಂಟು. ಬರೆಯಲು ತೊಡಗಿದ್ದು ಅದಕ್ಕೂ ಮೊದಲೇ, ಹೈಸ್ಕೂಲಿನಲ್ಲಿದ್ದಾಗ. ಹದಿಹರೆಯದವರಿಗಾಗಿ ಬರೆದ ಪುಸ್ತಕ ಹದಿಹರೆಯದವರನ್ನು ನಿಜವಾಗಿ ತಟ್ಟಿತೋ ಇಲ್ಲವೋ ಎಂದು ಹೇಳಲು ನಲವತ್ತು ದಾಟಿದ ನನಗಿಂತ ನಿಮಗೆ ಹೆಚ್ಚು ಅಧಿಕಾರವಿದೆ.

ಕನ್ನಡದ ಪುಸ್ತಕಗಳನ್ನು ಬಿಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಮಕ್ಕಳ ಸಾಹಿತ್ಯಕ್ಕೆ ಇರುವಷ್ಟು ಗಟ್ಟಿಯಾದ ಪ್ರತ್ಯೇಕ ಸ್ಥಾನ ಹದಿಹರೆಯದವರ ಸಾಹಿತ್ಯಕ್ಕೆ ಇನ್ನೂ ಸಿಕ್ಕಿಲ್ಲ, ನಿಜ. ಆದರೆ ಆ ವಯಸ್ಸಿನವರು ತಲೆಮಾರುಗಳಿಂದ ತಮ್ಮದಾಗಿಸಿಕೊಂಡ ಪುಸ್ತಕಗಳಿವೆ. ತೇಜಸ್ವಿಯವರ ‘ಕರ್ವಾಲೊ’ (1980) ಅಂಥದ್ದು. ಹಾರುವ ಓತಿಯ ಹುಡುಕಾಟಕ್ಕಾಗಿ ಅದನ್ನು ನೆನೆಯುವವರೇ ಹೆಚ್ಚು. ನನ್ನನ್ನು ಹದಿನಾರನೇ ವಯಸ್ಸಿನಲ್ಲಿ ಹಿಡಿದದ್ದು, ಊರಿನವರು ಕೆಲಸಕ್ಕೆ ಬಾರದವನೆಂದುಕೊಂಡ ಮಂದಣ್ಣನನ್ನು ಒಬ್ಬ ವಿಜ್ಞಾನಿ ಗೌರವದಿಂದ ಕಾಣುವ ರೀತಿ. ಪುಸ್ತಕಗಳಿಗಾಗಿ ಗಾಂಧಿ ಬಜಾರಿನ ಅಂಗಡಿಗಳೂ ಕಬ್ಬನ್ ಉದ್ಯಾನದೊಳಗಿನ ರಾಜ್ಯ ಕೇಂದ್ರ ಗ್ರಂಥಾಲಯವೂ ಇವೆ; ಇಂಗ್ಲಿಷಿನವು ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ಪ್ರತಿಗಳಾಗಿ ಅಗ್ಗಕ್ಕೆ ಸಿಗುತ್ತವೆ.

ಪುಸ್ತಕ ಮುಗಿದ ಎರಡು ದಿನದೊಳಗೆ ಬರೆಯಿರಿ. ಓದುವಾಗಲೇ ನಿಂತ ಕಡೆ ಪುಟಸಂಖ್ಯೆಯನ್ನೂ ಅಂದು ನಡೆದ ಒಂದು ಸಣ್ಣ ಸಂಗತಿಯನ್ನೂ ಗುರುತು ಹಾಕಿಕೊಳ್ಳಿ. ಮಳೆ, ಜಗಳ, ಬಸ್ಸು ತಪ್ಪಿದ್ದು, ಏನಾದರೂ ಸರಿ. ಕಥೆಯ ಕೊನೆಯನ್ನು ಹೇಳಲೇಬೇಕಾದರೆ ಮುಂಚೆಯೇ ಎಚ್ಚರಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ಕೃತಿಯ ಭಾಗವನ್ನು ನ್ಯಾಯಯುತವಾಗಿ ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. ಆದ್ದರಿಂದ ನಾಲ್ಕಾರು ಸಾಲು ಉದ್ಧರಿಸಿ ಅವುಗಳ ಬಗ್ಗೆ ಬರೆಯುವುದಕ್ಕೆ ಅಂಜಬೇಕಾಗಿಲ್ಲ, ಆದರೆ ಇಷ್ಟವಾಯಿತೆಂದು ಇಡೀ ಅಧ್ಯಾಯವನ್ನು ಅನುವಾದಿಸಿ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ. ವಾರಕ್ಕೆ ಒಂದು ಬರಹ ಸಾಕು. ಓದು ಸಾಗದ ವಾರದಲ್ಲಿ ಏಕೆ ಸಾಗಲಿಲ್ಲ ಎಂಬುದನ್ನೇ ಬರೆಯಬಹುದು.

ದಿನದ ವಿಚಾರಗಳನ್ನು ಬರೆಯುವಾಗ ಮನೆಯವರೂ ಗೆಳೆಯರೂ ಒಳಗೆ ಬಂದೇ ಬರುತ್ತಾರೆ, ಈ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಗೆಳೆಯರ ಹೆಸರು, ಕಾಲೇಜು, ಅವರು ನಂಬಿ ಹೇಳಿದ ಗುಟ್ಟು ಯಾವುದೂ ಬೇಡ. ಮನೆಯವರ ಬಗ್ಗೆ ಬರೆದದ್ದನ್ನು ಇತರರು ಓದುವ ಮೊದಲು ಅವರೇ ಓದಲಿ. ಅಕ್ಕನ ಮಗಳು ಆ ಒಂದೂವರೆ ಪುಟವನ್ನು ಅಮ್ಮನಿಗೆ ತೋರಿಸಲು ನಾಲ್ಕು ದಿನ ತೆಗೆದುಕೊಂಡಳು. ಅಕ್ಕ ಅಡುಗೆಮನೆಯಲ್ಲೇ ನಿಂತು ಎರಡು ಸಲ ಓದಿದಳು. ಇಲ್ಲದ ಗೆಳತಿಯ ಮಾತನ್ನು ಎತ್ತಲಿಲ್ಲ. ಮೊದಲ ದಿನ ಡಬ್ಬಿಗೆ ಹಾಕಿದ್ದು ಚಿತ್ರಾನ್ನವಲ್ಲ, ಪುಳಿಯೋಗರೆ ಎಂದು ಹೇಳಿ, ಆ ಒಂದು ಪದವನ್ನು ಮಾತ್ರ ತಿದ್ದಿಸಿದಳು.