ಅಪ್ಪ ಹೋದರೂ ಅಳು ಬರ್ತಿಲ್ಲ ಅಂದವರಿಗೆ

ನಿಮ್ಮದು ಕಲ್ಲು ಮನಸ್ಸಲ್ಲ. ಅಪ್ಪ ಹೋಗಿ ನಾಲ್ಕು ತಿಂಗಳಾದರೂ ಅಳು ಬಂದಿಲ್ಲ, ಆಸ್ಪತ್ರೆಯ ಕೊನೆಯ ರಾತ್ರಿಯನ್ನು ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳ್ತೀನಿ ಅಂತ ಬರೆದಿದ್ದೀರಲ್ಲ, ಅದು ಹೆಚ್ಚಾಗಿ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ರೀತಿ. ನೆನಪು ಉಳಿಯುತ್ತದೆ, ಅದರ ನೋವು ಮಾತ್ರ ಬೇರೆ ಕೋಣೆಯಲ್ಲಿ ಕೂತಿರುತ್ತದೆ. ಮನೋವಿಶ್ಲೇಷಣೆ ಶುರು ಮಾಡಿದ ವೈದ್ಯ ಫ್ರಾಯ್ಡ್ 1926ರಲ್ಲೇ ಇದನ್ನು ವಿವರಿಸಿದ್ದರು. ನಮ್ಮ ಅವ್ವ ಹೋದಾಗ ನನಗೂ ಹೀಗೇ ಆಗಿತ್ತು.

ಮೊದಲು, ಅಳಲೇಬೇಕು ಅಂತ ಒತ್ತಾಯ ಮಾಡಿಕೊಳ್ಳಬೇಡಿ. ಏನಾಯ್ತು ಅನ್ನೋದು ನಿಮಗೆ ಬಾಯಿಪಾಠ ಆಗಿದೆ, ಅದನ್ನು ಬಿಟ್ಟು ಅಪ್ಪ ನೆನಪಾದಾಗ ಮೈಗೆ ಏನಾಗುತ್ತದೆ ಅಂತ ದಿನಾ ಎರಡು ಸಾಲು ಬರೆಯಿರಿ: ಗಂಟಲು ಬಿಗಿಯಿತಾ, ಎದೆ ಭಾರವಾಯ್ತಾ. ಒಂದು ವಾರ ಆದ ಮೇಲೆ ಅವರ ಎಲೆ-ಅಡಿಕೆ ಚಂಚಿಯೋ ಟವೆಲ್ಲೋ ಕೈಯಲ್ಲಿ ಹಿಡಿದು ಸುಮ್ನೆ ಹತ್ತು ನಿಮಿಷ ಕೂತುಕೊಳ್ಳಿ. ಜಾಸ್ತಿ ಅನ್ನಿಸಿದರೆ ಎದ್ದುಬಿಡಿ. ಬರೆದದ್ದನ್ನು ಹೆಂಡತಿಗೆ ತೋರಿಸಿ, ಅವರೂ ದುಃಖದಲ್ಲೇ ಇದ್ದಾರೆ ಅಲ್ವಾ.

ನಿದ್ದೆ, ಊಟ ಕೆಟ್ಟಿದ್ದರೆ ಖಿನ್ನತೆಯೂ ಇರಬಹುದು, ಇಲ್ಲಿಂದ ನಾನು ಹೇಳೋಕಾಗಲ್ಲ. ಹುಬ್ಬಳ್ಳಿಯಲ್ಲೇ ಇದ್ದೀರಿ, ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿ. ಸಂಕೋಚ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ, ಆ ಕ್ಷಣವೇ ಫೋನ್ ಮಾಡಿ.