ಸತ್ತ ಮಂಗ, ತಲಪಾಡಿಯ ತಪಾಸಣೆ ಮತ್ತು ನಮ್ಮ ಮಳೆಗಾಲದ ಜ್ವರಗಳು

ಕುಂದಾಪುರ ತಾಲೂಕಿನ ಕೃಷಿಕರೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: "ಕೇರಳದಲ್ಲಿ ನಿಪಾ ಎಂದ ಕೂಡಲೇ ಗಡಿಯ ತಲಪಾಡಿಯಲ್ಲಿ ಜ್ವರ ತಪಾಸಣೆ ಶುರುವಾಗುತ್ತದೆ. ಕಾಡಂಚಿನಲ್ಲಿ ಮಂಗವೊಂದು ಸತ್ತರೆ ಊರಿಗೆ ಆರೋಗ್ಯ ಇಲಾಖೆಯ ಜೀಪು ಬರುತ್ತದೆ. ಹತ್ತು ದಿನ ಗದ್ದಲ, ಆಮೇಲೆ ಏನೂ ಇಲ್ಲ. ಬಾರದ ರೋಗಗಳಿಗೆ ಇಷ್ಟು ಖರ್ಚು ಮಾಡುವವರು ಪ್ರತಿ ಮಳೆಗಾಲದಲ್ಲಿ ನಮ್ಮವರನ್ನು ಕಾಡುವ ಇಲಿ ಜ್ವರವನ್ನು ಏಕೆ ಮರೆಯುತ್ತಾರೆ? ನಿಮ್ಮ ಪತ್ರಿಕೆಯೂ ಜನರನ್ನು ಹೆದರಿಸುತ್ತಿಲ್ಲವೇ? ಕಳೆದ ವಾರ ನಮ್ಮ ತೋಟದ ಹಿಂದಿನ ಗುಡ್ಡೆಯಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಕೆಲಸದವರು ಹೂತುಹಾಕಿದರು, ಯಾರಿಗೂ ಹೇಳಲಿಲ್ಲ, ಏನೂ ಆಗಲಿಲ್ಲ."

ಮಾನ್ಯರೇ,

ತಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಚರ್ಚೆಯ ವಿಷಯ, ಇದೊಂದು ಮಾತ್ರ ತುರ್ತಿನದು. ಪತ್ರ ಕೈಸೇರಿದ ದಿನವೇ ದೂರವಾಣಿಯಲ್ಲಿ ಹೇಳಿದ್ದನ್ನು ಇತರ ಓದುಗರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಮಂಗನ ಕಾಯಿಲೆಯಿಂದ ಸತ್ತ ಮಂಗನ ಮೈಯಲ್ಲಿದ್ದ ಉಣುಗುಗಳು ಅದರ ದೇಹ ತಣ್ಣಗಾದ ಮೇಲೆ ಅಲ್ಲಿ ಉಳಿಯುವುದಿಲ್ಲ. ಸುತ್ತಲಿನ ತರಗೆಲೆ, ಪೊದೆಗಳಲ್ಲಿ ಸೇರಿಕೊಂಡು ಮುಂದಿನ ಪ್ರಾಣಿಗಾಗಿಯೋ ಮನುಷ್ಯನಿಗಾಗಿಯೋ ಕಾಯುತ್ತವೆ. ಆದ್ದರಿಂದ ಮಂಗನನ್ನು ಹೂತರೂ ಅದು ಬಿದ್ದ ಜಾಗ ಅಪಾಯದ ಜಾಗವಾಗಿಯೇ ಉಳಿಯುತ್ತದೆ. ಆ ಗುಡ್ಡೆಯಿಂದ ಹಟ್ಟಿಗೆ ಸೊಪ್ಪು ತರುವುದನ್ನು ಸದ್ಯ ನಿಲ್ಲಿಸಬೇಕು, ಜಾಗವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತೋರಿಸಬೇಕು, ಹೂತವರಲ್ಲಿ ಯಾರಿಗಾದರೂ ಜ್ವರ ಬಂದರೆ ವೈದ್ಯರಿಗೆ ಮೊದಲು ಮಂಗನ ವಿಷಯವನ್ನೇ ಹೇಳಬೇಕು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಏರುವ ಜ್ವರ, ತಡೆಯಲಾಗದ ತಲೆನೋವು, ಸೊಂಟ ಮತ್ತು ಮೈಕೈ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣಗಳು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಒಮ್ಮೆ ಬಿಟ್ಟ ಜ್ವರ ಕೆಲವರಲ್ಲಿ ವಾರ ಎರಡು ವಾರ ಕಳೆದು ಮರಳುವುದೂ ಉಂಟು. ವೈರಸ್ಸನ್ನೇ ಕೊಲ್ಲುವ ಔಷಧ ಇದಕ್ಕಿಲ್ಲ. ಬೇಗ ಆಸ್ಪತ್ರೆ ಸೇರಿದವರಿಗೆ ಸಿಗುವ ಆರೈಕೆಯೇ ಬಹಳ ಮಂದಿಯನ್ನು ಉಳಿಸುತ್ತದೆ.

ಇದು ನಮ್ಮ ನೆಲದ್ದೇ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂದು ವಿಜ್ಞಾನಿಗಳು ಆತಂಕಪಟ್ಟಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದಾಗ ಅದು ಜಗತ್ತಿಗೇ ಹೊಸ ವೈರಸ್ ಎಂದು ತಿಳಿಯಿತು. ಕರಾವಳಿಗೂ ಅದು ಪರಕೀಯವಲ್ಲ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡುವುದಕ್ಕಾಗಿ ಕಾಡು ಕಡಿದ ಜಾಗದ ಆಸುಪಾಸಿನಲ್ಲಿ ಕಾಣಿಸಿಕೊಂಡ ಕಾಯಿಲೆ ಮರುವರ್ಷ ಸಾವಿರಕ್ಕೂ ಹೆಚ್ಚು ಮಂದಿಗೆ ಹರಡಿತು. ಆಗ ಶಾಲಾ ಬಾಲಕನಾಗಿದ್ದ ನನಗೆ, ಆ ಬೇಸಗೆ ರಜೆಯಲ್ಲಿ ಬೆಳ್ತಂಗಡಿಯ ನೆಂಟರ ಮನೆಗೆ ಹೋಗಬಾರದೆಂದು ಅಮ್ಮ ತಡೆದದ್ದು ನೆನಪಿದೆ. ಏಕೆ ಎಂಬುದು ಅರ್ಥವಾದದ್ದು ಬಹಳ ವರ್ಷಗಳ ಮೇಲೆ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು ಕಂಡುಬಂದು ಅದರ ಬಳಕೆಯೂ ನಿಂತಿದೆ. ಹೀಗಿರುವಾಗ ಸತ್ತ ಮಂಗನ ಸುದ್ದಿ ಎಷ್ಟು ಬೇಗ ಮುಟ್ಟುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಜೀಪು ಬಂದದ್ದು ವ್ಯರ್ಥ ಎಂಬ ತಮ್ಮ ಮಾತನ್ನು ಈ ಕಾರಣಕ್ಕೆ ನಾನು ಒಪ್ಪಲಾರೆ.

ತಲಪಾಡಿಯ ವಿಷಯದಲ್ಲಿ ತಮ್ಮ ಅಸಮಾಧಾನಕ್ಕೆ ಆಧಾರವಿದೆ. ಹಣ್ಣು ತಿನ್ನುವ ಬಾವಲಿಗಳಿಂದ ಮನುಷ್ಯರಿಗೆ ತಗಲುವ ನಿಪಾ ವೈರಸ್ ದೇಹ ಸೇರಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಹದಿನಾಲ್ಕು ದಿನ ಬೇಕು. ಹಾಗಾಗಿ ಗಡಿಯಲ್ಲಿ ಹಣೆಗೆ ಉಷ್ಣಮಾಪಕ ಹಿಡಿದು ತಡೆಯಬಹುದಾದದ್ದು ಬಹಳ ಕಡಿಮೆ. ಅಷ್ಟೇ ಸಿಬ್ಬಂದಿಯನ್ನು ಮಂಗಳೂರಿನ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ನಿಲ್ಲಿಸಿ, ಕಾಸರಗೋಡಿನಿಂದಲೂ ಅದರಾಚೆಯಿಂದಲೂ ಚಿಕಿತ್ಸೆಗೆ ಬರುವವರನ್ನು ಗೌರವದಿಂದ ವಿಚಾರಿಸುವುದು ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದು ಹೆಚ್ಚಾಗಿ ತೀವ್ರವಾಗಿ ನರಳುವ ರೋಗಿಯ ಹಾಸಿಗೆಯ ಬಳಿ, ಮನೆಯವರಿಗೆ ಮತ್ತು ದಾದಿಯರಿಗೆ.

ಇದಕ್ಕೆ ಎರಡು ಊರುಗಳ ಅನುಭವವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಮಂದಿಗೆ ವಿಚಿತ್ರ ಜ್ವರ ಬಂದು 45 ಮಂದಿ ತೀರಿಕೊಂಡರು. ಸೋಂಕು ತಗಲಿದವರಲ್ಲಿ ಹೆಚ್ಚಿನವರು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು ಅಥವಾ ರೋಗಿಗಳನ್ನು ನೋಡಲು ಬಂದವರು. ಅದು ನಿಪಾ ಎಂದು ಖಚಿತವಾದದ್ದು ವರ್ಷಗಳ ನಂತರ, ಉಳಿಸಿಟ್ಟಿದ್ದ ಮಾದರಿಗಳನ್ನು ಪರೀಕ್ಷಿಸಿದಾಗ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಕಡೆಯ ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಒಬ್ಬರ ಬೆನ್ನಿಗೆ ಒಬ್ಬರು ಅಸ್ವಸ್ಥರಾದಾಗ, ಎರಡನೆಯವರನ್ನು ನೋಡಿದ ವೈದ್ಯರು ಅದನ್ನು ಸಾಮಾನ್ಯ ಮಿದುಳು ಜ್ವರವೆಂದು ಕೈಬಿಡಲಿಲ್ಲ. ಮಾದರಿ ಬಂದದ್ದು ನಮ್ಮ ಮಣಿಪಾಲಕ್ಕೆ. ಡಾ. ಜಿ. ಅರುಣ್‌ಕುಮಾರ್ ಅವರ ನೇತೃತ್ವದ ವೈರಸ್ ಸಂಶೋಧನಾ ಕೇಂದ್ರ ನಿಪಾ ಎಂದು ಗುರುತಿಸಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಅಷ್ಟರಲ್ಲಿ ಮೊದಲ ರೋಗಿಯಿಂದ ಆಸ್ಪತ್ರೆಗಳಲ್ಲಿ ಹಲವರಿಗೆ ಸೋಂಕು ಹರಡಿಯಾಗಿತ್ತು. ಆ ಮೊದಲ ರೋಗಿಯ ಆರೈಕೆ ಮಾಡಿದ ಯುವ ದಾದಿ ಲಿನಿ ಪುತ್ತುಶ್ಶೇರಿ ಸಹ ಪ್ರಾಣ ಕಳೆದುಕೊಂಡರು. ಆದರೆ ಹೆಸರು ತಿಳಿದ ಮೇಲೆ, ರೋಗಿಗಳ ಸಂಪರ್ಕಕ್ಕೆ ಬಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪಟ್ಟಿ ಮಾಡಿ ದಿನವೂ ವಿಚಾರಿಸಲು ಸಾಧ್ಯವಾಯಿತು, ಜೂನ್ ಮುಗಿಯುವುದರೊಳಗೆ ಆ ಹಾವಳಿ ನಿಂತಿತು.

ಮಣಿಪಾಲದ ಆ ಪ್ರಯೋಗಾಲಯ ನಿಪಾಗಾಗಿಯೇ ಕಾದು ಕುಳಿತಿರಲಿಲ್ಲ. ಅದಕ್ಕೂ ಕೆಲವು ವರ್ಷಗಳ ಮೊದಲಿನಿಂದ ಹಲವು ರಾಜ್ಯಗಳ ಗ್ರಾಮೀಣ ಆಸ್ಪತ್ರೆಗಳಿಗೆ ಬರುವ ಸಾಮಾನ್ಯ ಜ್ವರಗಳ ಕಾರಣವನ್ನು ಒಂದೊಂದಾಗಿ ಪತ್ತೆಹಚ್ಚುವುದು, ಡೆಂಗಿಯೋ ಇಲಿ ಜ್ವರವೋ ಮಂಗನ ಕಾಯಿಲೆಯೋ ಎಂದು ಬೇರ್ಪಡಿಸುವುದು ಅಲ್ಲಿಯ ದೊಡ್ಡ ಕೆಲಸವಾಗಿತ್ತು. ತಾವು ಇಲಿ ಜ್ವರ ಒಂದು ಕಡೆ, ನಿಪಾ ಮತ್ತು ಮಂಗನ ಕಾಯಿಲೆ ಇನ್ನೊಂದು ಕಡೆ ಎಂದು ಇಟ್ಟು ತೂಗಿದ್ದೀರಿ. ನನ್ನ ಭಿನ್ನಾಭಿಪ್ರಾಯ ಇರುವುದು ಅಲ್ಲಿ. ದಿನನಿತ್ಯದ ಜ್ವರವನ್ನು ಶ್ರದ್ಧೆಯಿಂದ ಲೆಕ್ಕವಿಡುವವರ ಕಣ್ಣಿಗೇ ಲೆಕ್ಕಕ್ಕೆ ಸಿಗದ ಜ್ವರ ಬೀಳುತ್ತದೆ. ಮಂಗ ಸತ್ತ ಊರಿನಲ್ಲಿ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ವಿಚಾರಿಸುವುದು ಜ್ವರವನ್ನು. ಅದು ಇಲಿ ಜ್ವರವಾಗಿದ್ದರೂ ಅವಳ ಪುಸ್ತಕದಲ್ಲಿ ಅದೇ ದಿನ ದಾಖಲಾಗುತ್ತದೆ. ಮಂಗಳೂರು ನಗರದಲ್ಲಿ 2015ರಿಂದ ಮಲೇರಿಯಾ ಪ್ರಕರಣಗಳನ್ನು ಟ್ಯಾಬ್‌ನಲ್ಲಿ ದಾಖಲಿಸಿ, ರೋಗಿಯ ಮನೆಗೇ ಕಾರ್ಯಕರ್ತರು ಹೋಗಿ ಸುತ್ತಲಿನ ಸೊಳ್ಳೆ ತಾಣಗಳನ್ನು ನಾಶಪಡಿಸುವ ಕ್ರಮ ಬಂದ ಮೇಲೆ ಆ ರೋಗ ಗಣನೀಯವಾಗಿ ಇಳಿದದ್ದನ್ನೂ ನಾವು ಕಂಡಿದ್ದೇವೆ.

ಇನ್ನು ನಮ್ಮ ಪತ್ರಿಕೆಯ ಮೇಲಿನ ಆರೋಪ. ನಿಪಾ ಬಗ್ಗೆ ಮುಖಪುಟ ಲೇಖನ ಮಾಡಿದ ನಾವು ಇಲಿ ಜ್ವರಕ್ಕೆ ಒಳಪುಟದ ಒಂದು ಅಂಕಣ ಕೊಟ್ಟದ್ದು ನಿಜ, ಅದು ನಮ್ಮ ತಪ್ಪು. ಉಡುಪಿ, ದಕ್ಷಿಣ ಕನ್ನಡದ ಗದ್ದೆಗಳಲ್ಲಿ, ಅಡಿಕೆ ತೋಟದ ಕಣಿಗಳಲ್ಲಿ ಬರಿಗಾಲಲ್ಲಿ ದುಡಿಯುವವರ ಕಾಲಿನ ಸಣ್ಣ ಗಾಯದ ಮೂಲಕ, ಇಲಿ ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ ಬರುವ ಈ ಬ್ಯಾಕ್ಟೀರಿಯಾ ರೋಗ ಅಗ್ಗದ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ಮೊದಲ ದಿನಗಳಲ್ಲೇ ಚಿಕಿತ್ಸೆ ಸಿಗದಿದ್ದರೆ ಮೂತ್ರಪಿಂಡ ಮತ್ತು ಯಕೃತ್ತನ್ನು ಹಿಡಿಯುತ್ತದೆ. ಮೀನಖಂಡದ ನೋವಿನೊಂದಿಗೆ ಜ್ವರ ಬಂದಾಗ ಅಂಗಡಿಯಿಂದ ಮಾತ್ರೆ ತಂದು ನುಂಗಿ ಮತ್ತೆ ಗದ್ದೆಗಿಳಿಯುವವರನ್ನು ತಡೆಯಲು ನಾವು ಬರೆಯಬೇಕಿತ್ತು, ಬರೆಯಲಿಲ್ಲ.

ಬಾವಲಿಗಳು ಚೀಪಿ ಬೀಳಿಸಿದ ಅಡಿಕೆಯನ್ನು ಹೆಕ್ಕಬಹುದೇ, ಅವುಗಳಿರುವ ಮರವನ್ನು ಕಡಿಸಬೇಕೇ ಎಂದೂ ಕೇಳಿದ್ದೀರಿ. ಮರ ಕಡಿಯಬೇಡಿ, ನೆಲೆ ತಪ್ಪಿದ ಬಾವಲಿಗಳು ಇನ್ನೊಂದು ತೋಟಕ್ಕೆ ಹೋಗುತ್ತವೆ, ಗಾಬರಿ ಮತ್ತು ಹಸಿವಿಗೆ ಸಿಕ್ಕ ಬಾವಲಿಗಳು ವೈರಸ್ಸನ್ನು ಹೆಚ್ಚು ಹೊರಹಾಕಬಹುದೆಂಬ ಎಚ್ಚರಿಕೆಯೂ ಇದೆ. ಅಡಿಕೆಯನ್ನು ಕೈಗವಸು ಹಾಕಿ ಹೆಕ್ಕಿ, ಬಿಸಿಲಲ್ಲಿ ಒಣಗಿಸಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಕಚ್ಚಿದ ಗುರುತಿರುವ ಪೇರಳೆ, ಮಾವನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳಿ.

ನೇಜಿ ನೆಡುವ ಮೊದಲೇ ಓದುಗರ ಕೈಸೇರುವಂತೆ ಮೇ ಸಂಚಿಕೆಯ ಮುಖಪುಟವನ್ನು ಇಲಿ ಜ್ವರಕ್ಕೆ ಮೀಸಲಿಟ್ಟಿದ್ದೇವೆ. ತಮ್ಮ ಊರಿನಲ್ಲಿ ಕಳೆದ ಮಳೆಗಾಲದಲ್ಲಿ ಜ್ವರದಿಂದ ಮಲಗಿದವರ ಅನುಭವಗಳನ್ನು, ಅವರ ಒಪ್ಪಿಗೆ ಪಡೆದು, ಏಪ್ರಿಲ್ ಮೊದಲ ವಾರದೊಳಗೆ ಬರೆದು ಕಳುಹಿಸಿಕೊಡಬೇಕೆಂದು ವಿನಂತಿ.

– ಸಂಪಾದಕ